ಬುಖಾರಿನ್ ಎರಡು ವರ್ಷದೊಳಗೆ ಬಿದ್ದದ್ದು ಹೇಗೆ? ಧಾನ್ಯದ ಲೆಕ್ಕ, ಪಕ್ಷದ ಲೆಕ್ಕ ತಿಳಿದವರು ಹೇಳಿ

ಆನೆಗೊಂದಿ (ಗಂಗಾವತಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಓದುಗರ ಬಳಗದಲ್ಲಿ ಮುಂದಿನ ತಿಂಗಳು ಸೋವಿಯತ್ ರಷ್ಯಾದ ಕಮ್ಯುನಿಸ್ಟ್ ನಾಯಕ ನಿಕೊಲಾಯ್ ಬುಖಾರಿನ್ ಬಗ್ಗೆ ಮುಕ್ಕಾಲು ಗಂಟೆ ಮಾತಾಡಬೇಕಿದೆ. ಕೇಳುವವರಲ್ಲಿ ಹೆಚ್ಚಿನವರು ಭತ್ತ ಬೆಳೆಯುವವರು, ಉಳಿದವರು ಪದವಿ ಓದುತ್ತಿರುವ ಹುಡುಗರು.

ಕೈಗೆ ಸಿಕ್ಕ ಪಠ್ಯಗಳಲ್ಲೆಲ್ಲ ಒಂದೇ ಸಾಲು: "ಬಲಪಂಥೀಯ ವಿಚಲನೆಯ ನಾಯಕ, ಸ್ಟಾಲಿನ್ ಇವರನ್ನು ಮುಗಿಸಿದ." ಇಷ್ಟು ಹೇಳಿದರೆ ಕೇಳುಗರಿಗೆ ಏನೂ ದಕ್ಕುವುದಿಲ್ಲ. 1927ರ ಡಿಸೆಂಬರ್‌ನಲ್ಲಿ ಟ್ರಾಟ್‌ಸ್ಕಿ ಬಣ ಸೋತಾಗ ಬುಖಾರಿನ್ ಸ್ಟಾಲಿನ್ ಪಕ್ಕದಲ್ಲೇ ಇದ್ದವರು. ಪಕ್ಷದ ಪತ್ರಿಕೆ ಪ್ರಾವ್ದಾ ಅವರ ಕೈಯಲ್ಲಿ, ಕಾಮಿಂಟರ್ನ್ (ಜಗತ್ತಿನ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟ) ಅವರ ಕೈಯಲ್ಲಿ. 1929ರ ನವೆಂಬರ್ ಹೊತ್ತಿಗೆ ಒಂದೂ ಉಳಿಯಲಿಲ್ಲ. ನಡುವೆ ಹಂತ ಹಂತವಾಗಿ ಆದದ್ದೇನು? ಧಾನ್ಯ ಖರೀದಿ ಬಿಕ್ಕಟ್ಟಿಗೂ ಇವರ ಪತನಕ್ಕೂ ಇರುವ ಕೊಂಡಿ ಯಾವುದು? ಮತ್ತೆ, 1938ರ ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡರು ಎನ್ನುತ್ತಾರಲ್ಲ, ನಿಜವಾಗಿ ಯಾವುದನ್ನು ಒಪ್ಪಿದರು, ಯಾವುದನ್ನು ಒಪ್ಪಲಿಲ್ಲ? ಅಂಕಿ, ತಾರೀಖು ಸಮೇತ ಹೇಳಿದರೆ ಉಪಕಾರ.

---

ಮಸ್ಕಿ ಶಾಸನ (ರಾಯಚೂರು):

ಏರಿದ ಕಥೆ ಚಿಕ್ಕದರಲ್ಲಿ ಹೇಳಿಬಿಡುತ್ತೇನೆ, ಬಿದ್ದದ್ದನ್ನು ಬೇರೆಯವರು ವಿವರಿಸಲಿ.

1888ರಲ್ಲಿ ಮಾಸ್ಕೋದಲ್ಲಿ ಹುಟ್ಟಿದರು, ತಂದೆ ತಾಯಿ ಇಬ್ಬರೂ ಶಾಲಾ ಶಿಕ್ಷಕರು. 1906ರಲ್ಲಿ ಲೆನಿನ್ ನಾಯಕತ್ವದ ಬೋಲ್ಶೆವಿಕ್ ಪಕ್ಷ ಸೇರಿದರು. 1911ರಲ್ಲಿ ಉತ್ತರದ ಒನೆಗಾಕ್ಕೆ ಗಡೀಪಾರಾಗಿ, ಅಲ್ಲಿಂದ ತಪ್ಪಿಸಿಕೊಂಡು ಜರ್ಮನಿ ಸೇರಿದರು. 1912ರಲ್ಲಿ ಕ್ರಾಕೋವ್‌ನಲ್ಲಿ ಲೆನಿನ್ ಭೇಟಿ. ಮರುವರ್ಷ ವಿಯೆನ್ನಾಕ್ಕೆ ಬಂದ ಸ್ಟಾಲಿನ್‌ಗೆ ರಾಷ್ಟ್ರೀಯತೆಯ ಪ್ರಶ್ನೆಯ ಬಗ್ಗೆ ಬರೆಯಲು ನೆರವಾದವರಲ್ಲಿ ಇವರೂ ಒಬ್ಬರು. 1917ರ ಆರಂಭದಲ್ಲಿ ನ್ಯೂಯಾರ್ಕ್‌ನಲ್ಲಿ ಟ್ರಾಟ್‌ಸ್ಕಿ ಜೊತೆ ರಷ್ಯನ್ ಪತ್ರಿಕೆಯೊಂದರ ಕೆಲಸ. ಫೆಬ್ರವರಿ ಕ್ರಾಂತಿಯಾದ ಮೇಲೆ ಜಪಾನ್ ದಾರಿಯಲ್ಲಿ ಊರಿಗೆ ಮರಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸಮಿತಿ ಸದಸ್ಯ, ಆಗ ವಯಸ್ಸು 28.

ನಿಮ್ಮ ಮಾತಿನಲ್ಲಿ ಬಿಡಬಾರದ ವಿಷಯ ಒಂದಿದೆ. ಶುರುವಿನಲ್ಲಿ ಇವರು ಪಕ್ಷದ ಎಡ ತುದಿಯಲ್ಲಿದ್ದವರು. 1918ರಲ್ಲಿ ಜರ್ಮನಿ ಜೊತೆ ಬ್ರೆಸ್ಟ್-ಲಿಟೋವ್‌ಸ್ಕ್ ಒಪ್ಪಂದ ಬೇಡ, ಕ್ರಾಂತಿಕಾರಿ ಯುದ್ಧವೇ ಆಗಲಿ ಎಂದು ಲೆನಿನ್‌ಗೇ ಎದುರು ನಿಂತರು. ಫೆಬ್ರವರಿ 23ರ ಕೇಂದ್ರ ಸಮಿತಿ ಸಭೆಯಲ್ಲಿ ಒಪ್ಪಂದದ ಪರ 7, ವಿರುದ್ಧ 4, ತಟಸ್ಥ 4. ಆ ನಾಲ್ಕು ವಿರೋಧದ ಮತಗಳಲ್ಲಿ ಒಂದು ಬುಖಾರಿನ್‌ದು. ಇಪ್ಪತ್ತು ವರ್ಷ ಕಳೆದ ಮೇಲೆ ಇದೇ ವಿಷಯ ನ್ಯಾಯಾಲಯದಲ್ಲಿ ಕೊರಳಿಗೆ ಸುತ್ತಿಕೊಂಡಿತು, ಅದನ್ನು ಕೆಳಗೆ ಯಾರಾದರೂ ಬರೆಯುತ್ತಾರೆಂದು ನಂಬಿದ್ದೇನೆ.

1921ರ ಹೊಸ ಆರ್ಥಿಕ ನೀತಿಯ ನಂತರ ನಿಧಾನವಾಗಿ ನಿಲುವು ಬದಲಾಯಿತು. 1922ರ ಕೊನೆಯಲ್ಲಿ ಲೆನಿನ್ ಹಾಸಿಗೆ ಹಿಡಿದು ಬರೆಸಿದ ಟಿಪ್ಪಣಿಯಲ್ಲಿ ಬುಖಾರಿನ್ ಪಕ್ಷದ ಬಹಳ ಬೆಲೆಯುಳ್ಳ ಸಿದ್ಧಾಂತಿ, ಇಡೀ ಪಕ್ಷಕ್ಕೆ ಅಚ್ಚುಮೆಚ್ಚಿನವರು ಎಂದಿದೆ. ಅದೇ ಉಸಿರಿನಲ್ಲಿ, ಇವರಿಗೆ ದ್ವಂದ್ವಮಾನ (ಮಾರ್ಕ್ಸ್‌ವಾದದ ತರ್ಕ ಪದ್ಧತಿ) ಪೂರ್ತಿ ಅರ್ಥವಾಗಿಲ್ಲ ಎಂದೂ ಇದೆ. ಮೊದಲರ್ಧವನ್ನು ಗೆಳೆಯರು, ಎರಡನೆಯದನ್ನು ವಿರೋಧಿಗಳು ಬಳಸಿದರು. 1929ರಲ್ಲಿ ಸ್ಟಾಲಿನ್ ಓದಿ ಹೇಳಿದ್ದು ಎರಡನೆಯ ಅರ್ಧವನ್ನು. 1924ರಲ್ಲಿ ಲೆನಿನ್ ತೀರಿಕೊಂಡ ಮೇಲೆ ಪಕ್ಷದ ಅತ್ಯುನ್ನತ ಸಮಿತಿಯಾದ ಪಾಲಿಟ್‌ಬ್ಯೂರೋ ಪೂರ್ಣ ಸದಸ್ಯತ್ವ, 1926ರ ಕೊನೆಯಲ್ಲಿ ಕಾಮಿಂಟರ್ನ್ ಮುಖ್ಯಸ್ಥ ಜಿನೋವಿಯೆವ್ ಹೊರಬಿದ್ದಾಗ ಅದರ ನೇತೃತ್ವ. ಅದು ಇವರ ಶಿಖರ.

---

ಸಿಂಧನೂರು ಕಾಲುವೆ:

ಆನೆಗೊಂದಿ ಅವರ, ಕೇಳೋರು ಭತ್ತದವರು ಅಂದ್ರ ಮಾತನ್ನ ಧಾನ್ಯದಿಂದನ ಶುರು ಮಾಡ್ರಿ. ಹುಟ್ಟಿದ ತಾರೀಖು ಆಮ್ಯಾಲೆ ಹೇಳಿದ್ರೂ ನಡೀತದ.

ಅಂತರ್ಯುದ್ಧದಾಗ ಹಳ್ಳಿಗೆ ಬಂದೂಕಿನ ತುಕಡಿ ಕಳಿಸಿ, ಅವರ ಕಣ್ಣಿಗೆ ಹೆಚ್ಚುವರಿ ಅಂತ ಕಂಡಷ್ಟು ಧಾನ್ಯ ಎತ್ತಿಕೊಂಡು ಹೋಗ್ತಿದ್ರು. ರೈತ ಬಿತ್ತೋದನ್ನ ಕಡಿಮಿ ಮಾಡಿದ. ಅದರ ಮ್ಯಾಲೆ ಬರಗಾಲನೂ ಬಂತು. 1921ರ ಮಾರ್ಚ್‌ನಾಗ ಪಕ್ಷದ 10ನೇ ಅಧಿವೇಶನ ಈ ವಸೂಲಿ ನಿಲ್ಲಿಸಿ, ಗೊತ್ತುಪಡಿಸಿದ ತೆರಿಗೆ ತಂತು. ತೆರಿಗೆ ಕೊಟ್ಟು ಉಳಿದದ್ದು ರೈತಂದು, ಪ್ಯಾಟ್ಯಾಗ ಮಾರಬಹುದು. ಬುಖಾರಿನ್ ಪೂರಾ ರಾಜಕೀಯ ನಿಂತಿದ್ದು ಈ ವ್ಯವಸ್ಥೆ ಮ್ಯಾಲೆ. ರೈತನ ಕೈಯಾಗ ರೊಕ್ಕ ಆಡಿದ್ರ ಬಟ್ಟೆ, ಮೊಳೆ, ನೇಗಿಲು ಕೊಳ್ತಾನ. ಅದರಿಂದ ಕಾರ್ಖಾನೆ ನಡೀತದ, ಸಹಕಾರ ಸಂಘದ ಸಾಲ ಮತ್ತು ಮಾರಾಟದ ಮೂಲಕ ಅವನನ್ನ ಸಮಾಜವಾದದ ಕಡೆ ತರಬಹುದು, ಬಲವಂತ ಬ್ಯಾಡ ಅನ್ನೋದು ಅವರ ವಾದ. 1925ರ ಏಪ್ರಿಲ್‌ನಾಗ ಮಾಸ್ಕೋದ ಬೊಲ್ಶೋಯ್ ಥೇಟರ್‌ನ ಸಭೆಯಾಗ ರೈತರಿಗೆ "ಶ್ರೀಮಂತರಾಗ್ರಿ, ನಿಮ್ಮ ಹೊಲಮನಿ ಬೆಳೆಸ್ರಿ" ಅಂತ ಹೇಳಿದ್ದು ಇದಕ್ಕನ. ಆ ಮಾತು ಹಿಂದಕ್ಕ ತಗೋಬೇಕಾತು, ಆದ್ರ ನೀತಿ ಹಂಗ ಉಳೀತು.

ಈಗ ಎಲ್ಲಿ ಕೆಟ್ಟಿತು ನೋಡ್ರಿ. ಎರಡು ದರ ಕೂಡಿ ನಡೀಬೇಕು: ರೈತ ಮಾರೋ ಧಾನ್ಯದ್ದು, ಅವ ಕೊಳ್ಳೋ ಸಾಮಾನಿಂದು. 1923ರ ಅಕ್ಟೋಬರ್‌ನಾಗ ಮೊದಲನೇ ಪೆಟ್ಟು ಬಿತ್ತು. 1913ಕ್ಕ ಹೋಲಿಸಿದ್ರ, ಧಾನ್ಯದ ಎದುರು ಕಾರ್ಖಾನೆ ಸಾಮಾನು ಸುಮಾರು ಮೂರು ಪಟ್ಟು ತುಟ್ಟಿ. ಆವಾಗ ಸರ್ಕಾರ ಕಾರ್ಖಾನೆಗಳ ಸಾಲ ಬಿಗಿ ಮಾಡಿ, ದರ ಇಳಿಸಿ ಸರಿ ಮಾಡ್ತು. 1926ರಾಗ ಮಾಡಿದ್ದು ಉಲ್ಟಾ. ಕೈಗಾರಿಕೆಗೆ ಬಂಡವಾಳ ಬೇಕು ಅಂತ ಧಾನ್ಯದ ಖರೀದಿ ದರ ಸುಮಾರು ಶೇ 20ರಷ್ಟು ಇಳಿಸಿದ್ರು. ಸಾಮಾನಿನ ದರನೂ ಕೃತಕವಾಗಿ ಕೆಳಗ ಹಿಡಿದ್ರು, ಹಂಗಾಗಿ ಅಂಗಡಿಗಳು ಖಾಲಿ. ಖಾಸಗಿ ವ್ಯಾಪಾರಿ ಹೆಚ್ಚು ದರ ಕೊಡ್ತಿದ್ದ, ಅವನ ಮ್ಯಾಲೆ ತೆರಿಗೆ, ರೈಲಿನಾಗ ಸರಕು ಸಾಗಿಸಲಿಕ್ಕೆ ತಡೆ. ಅದೇ ಹೊತ್ತಿಗೆ ಮಾಂಸ, ಬೆಣ್ಣೆ, ನಾರಗಸೆಗೆ ದರ ಚಲೋ ಇತ್ತು. ರೈತ ಅವನ್ನ ಮಾರಿ ತೆರಿಗೆ ಕಟ್ಟಿದ, ಧಾನ್ಯ ದನಕ್ಕ ಹಾಕಿದ, ಉಳಿದದ್ದು ಕಣಜದಾಗ ಇಟ್ಟ. 1927ರ ಮೇ ತಿಂಗಳಾಗ ಬ್ರಿಟನ್ ರಾಜತಾಂತ್ರಿಕ ಸಂಬಂಧ ಕಡಿದುಕೊಂಡು ಯುದ್ಧದ ಗುಲ್ಲು ಎದ್ದಿತು, ಇಟ್ಟದ್ದನ್ನ ತೆಗೆಯೋರು ಇನ್ನೂ ಕಡಿಮಿ ಆದ್ರು. ಸಿಂಧನೂರಿನಾಗ ದರ ಬಿದ್ದಾಗ ಭತ್ತ ಗೋದಾಮಿಗೆ ಹಾಕಿ ಕಾಯೋ ರೈತನನ್ನ ಯಾರೂ ದ್ರೋಹಿ ಅನ್ನೋದಿಲ್ಲ. ಅಲ್ಲಿ ಅದನ್ನ ಕ್ರಾಂತಿದ್ರೋಹ ಅಂದ್ರು.

ಅಂಕಿ ಬರ್ಕೋರಿ. ಸ್ಟಾಲಿನ್ ಕೊಟ್ಟ ಲೆಕ್ಕದ ಪ್ರಕಾರ 1927ರ ಜನವರಿ ಹೊತ್ತಿಗೆ ಖರೀದಿ ಆಗಿದ್ದು 42.8 ಕೋಟಿ ಪೂಡ್, 1928ರ ಜನವರಿ ಹೊತ್ತಿಗೆ ಸುಮಾರು 30 ಕೋಟಿ. ಒಂದು ಪೂಡ್ ಅಂದ್ರ 16.38 ಕಿಲೋ. ಕೊರತೆ 12.8 ಕೋಟಿ ಪೂಡ್, ಅಂದಾಜು 21 ಲಕ್ಷ ಟನ್. ನಮ್ಮ 75 ಕಿಲೋ ಭತ್ತದ ಚೀಲದ ಲೆಕ್ಕಕ್ಕ ತಂದ್ರ 2.8 ಕೋಟಿ ಚೀಲ. ಹಿಂಗ ಹೇಳಿದ್ರ ಕೇಳೋರಿಗೆ ಗಾತ್ರ ತಟ್ಟನ ತಿಳೀತದ.

ಪರಿಹಾರ ಎರಡಿದ್ದವು. ದರ ಏರಿಸಿ ಸಾಮಾನು ಕಳಿಸೋದು ಒಂದು, ಬಲವಂತ ಇನ್ನೊಂದು. 1928ರ ಜನವರಿ ನಡುವಿನಾಗ ಸ್ಟಾಲಿನ್ ಸ್ವತಃ ಸೈಬೀರಿಯಾಕ್ಕ ಹೋದ್ರು. ನೊವೊಸಿಬಿರ್‌ಸ್ಕ್, ಬರ್ನಾವುಲ್, ಓಮ್‌ಸ್ಕ್ ಕಡೆ ಸಭೆ ಮಾಡಿ, ದಂಡ ಸಂಹಿತೆಯ 107ನೇ ಕಲಂ ಹಚ್ಚಿರಿ ಅಂತ ಅಧಿಕಾರಿಗಳನ್ನ ಗದರಿಸಿದ್ರು. ಆ ಕಲಂ ಇದ್ದದ್ದು ಸಟ್ಟಾ ವ್ಯಾಪಾರದ ವಿರುದ್ಧ. ಅದನ್ನ ಧಾನ್ಯ ಮಾರದ ರೈತನ ಮ್ಯಾಲೆ ಹಚ್ಚಿದ್ರು. ಜಪ್ತಿ ಮಾಡಿದ್ದರಾಗ ಶೇ 25 ಊರಿನ ಬಡವರಿಗೆ, ಹಿಂಗಾಗಿ ಮಾಹಿತಿ ಕೊಡೋರು ಊರಾಗ ಸಿಕ್ಕರು. ಚಳಿಗಾಲದ ಗುರಿ ಮುಟ್ಟಿತು.

ಈ ವಿಧಾನದ ದೋಷ ಏನಂದ್ರ, ಮೊದಲನೇ ಸಲ ಮಾತ್ರ ಕೆಲಸ ಮಾಡ್ತದ. ಕಣಜದಾಗ ಇದ್ದದ್ದು ಸಿಗ್ತದ, ಮುಂದಿನ ವರ್ಷ ರೈತ ಇಡೋದೂ ಇಲ್ಲ, ಹೆಚ್ಚಿಗೆ ಬಿತ್ತೋದೂ ಇಲ್ಲ. ಆ ವರ್ಷ ಉಕ್ರೇನ್, ಉತ್ತರ ಕಾಕಸಸ್ ಕಡೆ ಚಳಿಗಾಲದ ಗೋಧಿನೂ ಹಾಳಾತು. 1928ರ ಜುಲೈನಾಗ ಖರೀದಿ ದರ ಏರಿಸಿದ್ರು, ಆದ್ರ ಏರಿಸಬೇಕಾದ ಹೊತ್ತು ದಾಟಿತ್ತು. 1929ರ ಶುರುವಿನಾಗ ಪಟ್ಟಣಗಳಿಗೆ ರೊಟ್ಟಿ ಪಡಿತರ ಬಂತು. ಹಂಗಾಗಿ ಬಲವಂತ ಬಿಟ್ರ ಊಟ ಇಲ್ಲ ಅಂತ ಸ್ಟಾಲಿನ್ ಹೇಳೋದು ಸುಲಭ ಆತು. ಅವರೇ ಮಾಡಿದ ಗಾಯ ಅವರಿಗೆ ಪುರಾವೆ ಆತು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಎಚ್ಚರಿಕೆ. 1928ರ ಮೇ ತಿಂಗಳಾಗ ಸ್ಟಾಲಿನ್ ಒಂದು ಕೋಷ್ಟಕ ಮುಂದಿಟ್ರು: ಯುದ್ಧಕ್ಕ ಮುಂಚೆ ಬೆಳೆದ ಧಾನ್ಯದಾಗ ಶೇ 26 ಮಾರುಕಟ್ಟೆಗೆ ಬರ್ತಿತ್ತು, 1926-27ರಾಗ ಶೇ 13.3 ಅಷ್ಟ. ಸಣ್ಣ ಹಿಡುವಳಿ ರೈತ ದೇಶಕ್ಕ ಉಣ್ಣಿಸಲಾರ ಅಂತ ಹೇಳಲಿಕ್ಕೆ ಎಲ್ಲರೂ ಇದನ್ನ ಎತ್ತಿ ಹಾಕ್ತಾರ. ಮುಂಚಿನದನ್ನ ಒಟ್ಟು ಲೆಕ್ಕದಾಗ, ಆಮೇಲಿನದನ್ನ ನಿವ್ವಳ ಲೆಕ್ಕದಾಗ ಹಿಡಿದಾರ ಅಂತ ನಂತರದ ಅರ್ಥಶಾಸ್ತ್ರಜ್ಞರು ವಾದ ಮಾಡ್ಯಾರ. ಬಳಸೋದಾದ್ರ ಆ ಮಾತನ್ನೂ ಸೇರಿಸಿ ಬಳಸ್ರಿ.

---

ಬಳ್ಳಾರಿ ಗುಡ್ಡ:

ಕಾಲುವೆ ಅವರು ಧಾನ್ಯ ಹೇಳಿದರು, ನಾನು ಮತದ ಲೆಕ್ಕ ಹೇಳುತ್ತೇನೆ. ಎರಡೂ ಸೇರದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. ದರದ ವಿಷಯದಲ್ಲಿ ಬುಖಾರಿನ್ ಬಹುಮಟ್ಟಿಗೆ ಸರಿ ಇದ್ದರು. ಆದರೂ ಸೋತರು.

1927ರ ಡಿಸೆಂಬರ್‌ನ 15ನೇ ಅಧಿವೇಶನದ ನಂತರ ಪಾಲಿಟ್‌ಬ್ಯೂರೋದ ಪೂರ್ಣ ಸದಸ್ಯರು 9 ಮಂದಿ. ಬುಖಾರಿನ್, ಸರ್ಕಾರದ ಮುಖ್ಯಸ್ಥ ರೈಕೊವ್, ಕಾರ್ಮಿಕ ಸಂಘಗಳ ಮುಖ್ಯಸ್ಥ ಟೊಮ್‌ಸ್ಕಿ ಒಂದು ಕಡೆ. ಸ್ಟಾಲಿನ್, ಮೊಲೊಟೊವ್, ಕುಯಿಬಿಶೆವ್, ರುದ್ಜುತಾಕ್ ಇನ್ನೊಂದು ಕಡೆ. ನಡುವೆ ಕಲಿನಿನ್, ವೊರೊಶಿಲೊವ್. ಈ ಇಬ್ಬರೂ ಬಲವಂತದ ವಸೂಲಿಯ ಬಗ್ಗೆ ಹಿಂದೆಮುಂದೆ ನೋಡುತ್ತಿದ್ದವರು. ಕಲಿನಿನ್ ರೈತ ಮೂಲದವರು, ವೊರೊಶಿಲೊವ್ ಕೈಕೆಳಗಿನ ಸೇನೆಯಲ್ಲಿ ತುಂಬಿದ್ದವರೂ ರೈತರ ಮಕ್ಕಳೇ. ಇಬ್ಬರೂ ಬಂದಿದ್ದರೆ 5–4. ಬರಲಿಲ್ಲ.

ಒಂದು ವಿಷಯ ಸ್ಪಷ್ಟವಾಗಿ ಹೇಳಿ: 1928ರ ಜನವರಿಯ ತುರ್ತು ಕ್ರಮಗಳಿಗೆ ಬುಖಾರಿನ್ ಕೂಡ ಒಪ್ಪಿಗೆ ಕೊಟ್ಟಿದ್ದರು. ಒಂದು ಸಲಕ್ಕೆ ಮಾತ್ರ ಎಂದುಕೊಂಡಿದ್ದರು. ಏಪ್ರಿಲ್ ಕಳೆದ ಮೇಲೂ ಅದು ನಿಲ್ಲದಿದ್ದಾಗ ಎದ್ದರು. ಜುಲೈ ಸಭೆಯಲ್ಲಿ ಸ್ಟಾಲಿನ್, ಕೈಗಾರಿಕೆಗಾಗಿ ರೈತರಿಂದ ಕಪ್ಪದಂಥದ್ದೊಂದನ್ನು ತೆಗೆದುಕೊಳ್ಳಲೇಬೇಕು ಎಂದು ಬಾಯಿಬಿಟ್ಟು ಹೇಳಿದರು. ಅದೇ ಜುಲೈ 11ರಂದು ಬುಖಾರಿನ್ ಗುಟ್ಟಾಗಿ, ಸೋತ ವಿರೋಧಿ ಬಣದ ನಾಯಕ ಕಾಮೆನೆವ್ ಮನೆಗೆ ಹೋಗಿ ಸ್ಟಾಲಿನ್ ಒಬ್ಬ ಚಂಗೀಸ್ ಖಾನ್, ನಮ್ಮನ್ನೆಲ್ಲ ಮುಗಿಸುತ್ತಾನೆ ಎಂದರು. ಕಾಮೆನೆವ್ ಎಲ್ಲವನ್ನೂ ಬರೆದಿಟ್ಟುಕೊಂಡರು. ಆ ಟಿಪ್ಪಣಿಯನ್ನು 1929ರ ಜನವರಿಯಲ್ಲಿ ಟ್ರಾಟ್‌ಸ್ಕಿ ಬೆಂಬಲಿಗರು ಹೊರಗೆ ಹಂಚಿದಾಗ, ಗುಂಪುಗಾರಿಕೆಯ ಆರೋಪಕ್ಕೆ ಬೇಕಾದ ಸಾಕ್ಷಿ ಸಿದ್ಧವಾಗಿ ಸಿಕ್ಕಿತು.

ಕಳಚುವ ಕೆಲಸ ಕೆಳಗಿನಿಂದ ನಡೆಯಿತು. ಮೊದಲು ಪ್ರಾವ್ದಾ ಕಚೇರಿಯಲ್ಲಿದ್ದ ಬುಖಾರಿನ್ ಶಿಷ್ಯರು ಜಾಗ ಖಾಲಿ ಮಾಡಬೇಕಾಯಿತು. ಹೆಸರಿಗೆ ಸಂಪಾದಕರು ಬುಖಾರಿನ್, ಪುಟ ತುಂಬುವವರು ಬೇರೆಯವರು. ಆಮೇಲೆ ಮಾಸ್ಕೋ ಪಕ್ಷ ಘಟಕ. ಅಲ್ಲಿನ ಕಾರ್ಯದರ್ಶಿ ಉಗ್ಲಾನೊವ್ ಬಲಪಂಥೀಯರ, ಅಂದರೆ ಬುಖಾರಿನ್ ಕಡೆಯವರ ದೊಡ್ಡ ಆಸರೆ. 1928ರ ಅಕ್ಟೋಬರ್‌ನಲ್ಲಿ ಕೆಳಗಿನ ವಾರ್ಡ್ ಸಮಿತಿಗಳಿಂದಲೇ ದೂರು ಎಬ್ಬಿಸಿ, ನವೆಂಬರ್ ಕೊನೆಗೆ ಅವರನ್ನು ಇಳಿಸಿ ಮೊಲೊಟೊವ್ ಕೂತರು. ಡಿಸೆಂಬರ್‌ನ ಕಾರ್ಮಿಕ ಸಂಘಗಳ ಸಮಾವೇಶದಲ್ಲಿ ಟೊಮ್‌ಸ್ಕಿ ಪಕ್ಕಕ್ಕೆ ಸ್ಟಾಲಿನ್ ಆಪ್ತ ಕಗನೊವಿಚ್‌ರನ್ನು ತಂದು ಕೂರಿಸಿದರು. ಇಷ್ಟೆಲ್ಲ ನಡೆಯುವಾಗ ಪಾಲಿಟ್‌ಬ್ಯೂರೋದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ ಎಂದು ಸ್ಟಾಲಿನ್ ಸಾರ್ವಜನಿಕವಾಗಿ ಹೇಳುತ್ತಿದ್ದರು. ಬುಖಾರಿನ್ ಅದನ್ನು ಅಲ್ಲಗಳೆಯಲಿಲ್ಲ. ಸೆಪ್ಟೆಂಬರ್ 30ರಂದು ಪ್ರಾವ್ದಾದಲ್ಲಿ ಬಂದ ಅವರ ದೊಡ್ಡ ಲೇಖನ ಕೈಗಾರಿಕಾ ಗುರಿಗಳ ಅತಿಯನ್ನು ಟೀಕಿಸಿತು. ಇಲ್ಲದ ಇಟ್ಟಿಗೆಯಿಂದ ಕಟ್ಟಡ ಏಳುವುದಿಲ್ಲ ಎಂಬುದು ಅದರ ಸಾರ. ಆದರೂ ಹೆಸರಿಟ್ಟು ಟೀಕಿಸಿದ್ದು ಟ್ರಾಟ್‌ಸ್ಕಿವಾದಿಗಳನ್ನು. ತಿಳಿದವರಿಗೆ ಮಾತ್ರ ತಿಳಿಯುವ ಭಾಷೆ ಅದು. ಜನರಿಗೆ, ಸಾಮಾನ್ಯ ಸದಸ್ಯರಿಗೆ ಜಗಳದ ವಿಷಯ ಗೊತ್ತಾಗುವಷ್ಟರಲ್ಲಿ ಜಗಳ ಮುಗಿದಿತ್ತು.

ಇಷ್ಟು ಜಾಣರು ಬಾಯಿ ಬಿಡಲಿಲ್ಲ ಏಕೆ? 1921ರ ಅದೇ 10ನೇ ಅಧಿವೇಶನ ಪಕ್ಷದೊಳಗೆ ಬಣ ಕಟ್ಟುವುದನ್ನು ನಿಷೇಧಿಸಿತ್ತು. ಹೊರಗೆ ಬಂದು ಬೆಂಬಲ ಕೇಳಿದರೆ ಅದೇ ಅಪರಾಧ. ಈ ನಿಯಮವನ್ನು 1925ರಿಂದ 1927ರವರೆಗೆ ಟ್ರಾಟ್‌ಸ್ಕಿ, ಜಿನೋವಿಯೆವ್ ವಿರುದ್ಧ ಅತ್ಯಂತ ಉತ್ಸಾಹದಿಂದ ಬಳಸಿದವರಲ್ಲಿ ಬುಖಾರಿನ್ ಒಬ್ಬರು. 1925ರ ಡಿಸೆಂಬರ್ ಅಧಿವೇಶನದಲ್ಲಿ ಸ್ಟಾಲಿನ್ ಎದುರಾಳಿಗಳಿಗೆ "ನಿಮಗೆ ಬುಖಾರಿನ್ ರಕ್ತ ಬೇಕೇ? ಕೊಡುವುದಿಲ್ಲ" ಎಂದು ಗುಡುಗಿದ್ದರು. ಆ ರಕ್ಷಣೆಯ ನೆರಳಿನಲ್ಲೇ ಬುಖಾರಿನ್ ಉಳಿದವರ ಬಾಯಿ ಮುಚ್ಚಿಸಿದರು. ತಮ್ಮ ಸರದಿ ಬಂದಾಗ ಮಾತಾಡಲು ವೇದಿಕೆಯೇ ಉಳಿದಿರಲಿಲ್ಲ. ಇದು ಸ್ವಭಾವದ ದೌರ್ಬಲ್ಯಕ್ಕಿಂತ ದೊಡ್ಡ ಕಾರಣ ಎಂದು ನಾನು ಭಾವಿಸುತ್ತೇನೆ, ನಿಮ್ಮ ಮಾತಿನಲ್ಲಿ ಇದಕ್ಕೆ ಹತ್ತು ನಿಮಿಷವಾದರೂ ಕೊಡಿ.

ಇನ್ನು ತಾರೀಖು. 1929ರ ಏಪ್ರಿಲ್ ಸಭೆಯಲ್ಲಿ ಪ್ರಾವ್ದಾ ಮತ್ತು ಕಾಮಿಂಟರ್ನ್ ಹುದ್ದೆಗಳಿಂದ ತೆಗೆಯುವ ತೀರ್ಮಾನ. ಕಾಮಿಂಟರ್ನ್ ಸಮಿತಿ ಅದನ್ನು ಜುಲೈನಲ್ಲಿ ಜಾರಿ ಮಾಡಿತು. ನವೆಂಬರ್ 17ರಂದು ಪಾಲಿಟ್‌ಬ್ಯೂರೋದಿಂದ ಹೊರಗೆ. ಅದೇ ತಿಂಗಳ ಕೊನೆಗೆ ಮೂವರೂ ತಮ್ಮ ನಿಲುವು ತಪ್ಪೆಂದು ಸಹಿ ಹಾಕಿದರು. ಡಿಸೆಂಬರ್ 27ರಂದು ಸ್ಟಾಲಿನ್ ಕುಲಕರನ್ನು (ಸ್ಥಿತಿವಂತ ರೈತರನ್ನು) ಒಂದು ವರ್ಗವಾಗಿ ಇಲ್ಲವಾಗಿಸುವ ಘೋಷಣೆ ಮಾಡಿದರು. ರೈಕೊವ್ ಒಂದು ವರ್ಷ ಹೆಚ್ಚು ಉಳಿದು, 1930ರ ಡಿಸೆಂಬರ್‌ನಲ್ಲಿ ಸರ್ಕಾರದ ಮುಖ್ಯಸ್ಥರ ಕುರ್ಚಿಯನ್ನೂ ಮೊಲೊಟೊವ್‌ಗೆ ಬಿಟ್ಟರು.

---

ಕೊಪ್ಪಳ ಕೋಟೆ:

ಭಾರತದ ಕೊಂಡಿ ಕೇಳಿದರೆ ಹುಡುಗರು ಕಿವಿ ನೆಟ್ಟಗೆ ಮಾಡುತ್ತಾರೆ, ಅದನ್ನೂ ಸೇರಿಸಿ ಸರ್. ಕಾಮಿಂಟರ್ನ್‌ನ 6ನೇ ಮಹಾಧಿವೇಶನ 1928ರ ಜುಲೈನಿಂದ ಸೆಪ್ಟೆಂಬರ್ 1ರವರೆಗೆ ಮಾಸ್ಕೋದಲ್ಲಿ ನಡೆಯಿತು. ವೇದಿಕೆಯ ಮೇಲೆ ಬುಖಾರಿನ್ ಮುಖ್ಯ ಭಾಷಣಕಾರ. ಅದೇ ಹೊತ್ತಿಗೆ ಸೋವಿಯತ್ ನಿಯೋಗವೇ ಅವರ ಕರಡಿಗೆ ಇಪ್ಪತ್ತರಷ್ಟು ತಿದ್ದುಪಡಿ ತಂದಿತು, ಮೊಗಸಾಲೆಯಲ್ಲಿ ಇವರ ಕಾಲ ಮುಗಿಯಿತೆಂಬ ಗುಸುಗುಸು. ಅಲ್ಲಿಂದ ಬಂದ ಹೊಸ ದಾರಿ ವಸಾಹತುಗಳಲ್ಲಿ ರಾಷ್ಟ್ರೀಯ ಪಕ್ಷಗಳ ಜೊತೆ ಕೈಜೋಡಿಸುವುದಕ್ಕೆ ವಿರುದ್ಧ. ಭಾರತದ ಕಮ್ಯುನಿಸ್ಟರು ಕಾಂಗ್ರೆಸ್ ವಿರುದ್ಧ ತಿರುಗಿ, 1930ರ ಕಾನೂನುಭಂಗ ಚಳವಳಿಯಿಂದ ದೂರ ನಿಂತದ್ದಕ್ಕೆ ಇದು ಮುಖ್ಯ ಕಾರಣ. 1929ರ ಮಾರ್ಚ್‌ನ ಮೀರತ್ ಬಂಧನಗಳಿಂದ ಅನುಭವಿಗಳೆಲ್ಲ ಜೈಲಿನಲ್ಲಿದ್ದದ್ದು ಇನ್ನೊಂದು. ಎಂ. ಎನ್. ರಾಯ್ 1929ರಲ್ಲಿ ಕಾಮಿಂಟರ್ನ್‌ನಿಂದ ಹೊರಬಿದ್ದದ್ದು ಇದೇ ಬಲಪಂಥ ಶುದ್ಧೀಕರಣದ ಅಲೆಯಲ್ಲಿ. ಜರ್ಮನಿಯ ಬ್ರಾಂಡ್ಲರ್ ಬಣದ ಪತ್ರಿಕೆಗೆ ಬರೆದದ್ದು ಅವರ ಮೇಲಿನ ಆರೋಪಗಳಲ್ಲಿ ಒಂದು.

---

ಹಗರಿ ದಂಡೆ (ಬಳ್ಳಾರಿ):

ವಿಚಾರಣೆಯ ಭಾಗ ನಾನು ಬರೆಯುತ್ತೇನೆ. "ತಪ್ಪೊಪ್ಪಿಕೊಂಡರು" ಎಂಬ ಒಂದು ಸಾಲಿನಿಂದ ಬುಖಾರಿನ್‌ಗೆ ಬಹಳ ಅನ್ಯಾಯವಾಗಿದೆ. ನ್ಯಾಯಾಲಯದಲ್ಲಿ ಅವರು ಆಡಿದ ಮಾತು ಸಾಲುಸಾಲಾಗಿ ನೋಡಬೇಕು.

ಹಿನ್ನೆಲೆ ಇಷ್ಟು: 1934ರಲ್ಲಿ ಸರ್ಕಾರಿ ಪತ್ರಿಕೆ ಇಜ್ವೆಸ್ತಿಯಾದ ಸಂಪಾದಕರಾಗಿ ಮತ್ತೆ ತಲೆ ಎತ್ತಿದರು, 1936ರ ಸಂವಿಧಾನ ರಚನೆಯಲ್ಲೂ ಕೆಲಸ ಮಾಡಿದರು. ಆ ವರ್ಷ ಮಾರ್ಕ್ಸ್ ಹಸ್ತಪ್ರತಿಗಳ ಖರೀದಿಗೆಂದು ಪ್ಯಾರಿಸ್‌ಗೆ ಹೋದವರು ಅಲ್ಲೇ ಉಳಿಯಬಹುದಿತ್ತು, ಮರಳಿ ಬಂದರು. ಆಗಸ್ಟ್‌ನಲ್ಲಿ ಜಿನೋವಿಯೆವ್, ಕಾಮೆನೆವ್ ವಿಚಾರಣೆಯಲ್ಲಿ ಇವರ ಹೆಸರು ಎತ್ತಲಾಯಿತು. ಟೊಮ್‌ಸ್ಕಿ ಗುಂಡು ಹಾರಿಸಿಕೊಂಡು ಸತ್ತರು. 1937ರ ಫೆಬ್ರವರಿ–ಮಾರ್ಚ್ ಸಭೆಯ ನಡುವೆ, ಫೆಬ್ರವರಿ 27ರಂದು, ಬುಖಾರಿನ್ ಮತ್ತು ರೈಕೊವ್ ಬಂಧನ. ಒಂದು ವರ್ಷ ಮಾಸ್ಕೋದಲ್ಲಿ ರಹಸ್ಯ ಪೊಲೀಸರ ಲುಬ್ಯಾಂಕಾ ಸೆರೆಯಲ್ಲಿ. ಅಲ್ಲಿ ತತ್ತ್ವಶಾಸ್ತ್ರ, ಸಂಸ್ಕೃತಿ, ಕವಿತೆ, ಮುಗಿಯದ ಒಂದು ಆತ್ಮಕಥನ ಕಾದಂಬರಿ ಎಂದು ನಾಲ್ಕು ಹಸ್ತಪ್ರತಿ ಬರೆದರು. 1937ರ ಡಿಸೆಂಬರ್ 10ರಂದು ಸ್ಟಾಲಿನ್‌ಗೆ ಬರೆದ ಪತ್ರದಲ್ಲಿ ತಾವು ನಿರಪರಾಧಿ ಎಂದಿದ್ದಾರೆ. ಸಾಯಲೇಬೇಕಾದರೆ ಗುಂಡಿನ ಬದಲು ವಿಷ ಕೊಡಿ ಎಂದೂ ಬೇಡಿದ್ದಾರೆ.

ವಿಚಾರಣೆ 1938ರ ಮಾರ್ಚ್ 2ರಿಂದ 13, ಆರೋಪಿಗಳು 21 ಮಂದಿ. ಅಭಿಯೋಜಕ ವಿಶಿನ್‌ಸ್ಕಿ, ನ್ಯಾಯಾಧೀಶ ಉಲ್ರಿಖ್. ಬುಖಾರಿನ್ ಹಿಡಿದ ದಾರಿ ಹೀಗಿತ್ತು. ಆರೋಪದಲ್ಲಿ ಹೇಳಿದ ಸಂಚಿನ ಇಡೀ ಸಂಘಟನೆ ಮಾಡಿದ ಎಲ್ಲ ಅಪರಾಧಗಳ ಮೊತ್ತಕ್ಕೂ ನಾನು ಹೊಣೆ, ನನಗೆ ಅದು ಗೊತ್ತಿರಲಿ ಬಿಡಲಿ, ನಾನು ಭಾಗವಹಿಸಿರಲಿ ಬಿಡಲಿ ಎಂದರು. ಕೇಳಲು ಪೂರ್ಣ ಶರಣಾಗತಿ. ಆದರೆ ವಿಶಿನ್‌ಸ್ಕಿ ಒಂದೊಂದೇ ಕೃತ್ಯ ಹಿಡಿದು ಕೇಳಿದಾಗ ಎಲ್ಲವೂ ಜಾರಿತು. ಬೇಹುಗಾರಿಕೆ? ಇಲ್ಲ. ಲೆನಿನ್‌ಗ್ರಾಡ್ ಪಕ್ಷದ ಮುಖ್ಯಸ್ಥ ಕಿರೊವ್ ಕೊಲೆ? ಇಲ್ಲ. ಲೆನಿನ್ ಹತ್ಯೆಗೆ ಸಂಚು? ಖಂಡಿತ ಇಲ್ಲ. ಒಟ್ಟಿಗೆ ಸಂಚು ಹೂಡಿದರೆಂದು ಹೇಳುವ ಈ ಗುಂಪಿನಲ್ಲಿ ಕೆಲವರ ಪರಿಚಯವೇ ತನಗಿಲ್ಲ ಎಂದರು. ಕೊನೆಯ ಹೇಳಿಕೆಯಲ್ಲಿ, ಆರೋಪಿಯ ತಪ್ಪೊಪ್ಪಿಗೆಯನ್ನೇ ಆಧಾರ ಮಾಡುವುದು ಮಧ್ಯಯುಗದ ನ್ಯಾಯತತ್ತ್ವ ಎಂದು ನ್ಯಾಯಾಲಯದ ಮುಖಕ್ಕೇ ಹೇಳಿದರು. ಆ ವಿಚಾರಣೆಯಲ್ಲಿ ತಪ್ಪೊಪ್ಪಿಗೆ ಬಿಟ್ಟರೆ ಬೇರೆ ಆಧಾರವೇ ಇರಲಿಲ್ಲ, ಕೇಳುತ್ತಿದ್ದವರಿಗೆ ಅದು ಗೊತ್ತಿತ್ತು.

ಮಸ್ಕಿ ಶಾಸನ ಅವರು ಸೂಚಿಸಿದ 1918ರ ವಿಷಯ ಇಲ್ಲಿ ಬರುತ್ತದೆ. ಬ್ರೆಸ್ಟ್ ಜಗಳದ ಕಾಲದಲ್ಲಿ ಎಡ ಸಮಾಜವಾದಿ ಕ್ರಾಂತಿಕಾರಿಗಳು (ಬೇರೆಯೇ ಒಂದು ಪಕ್ಷದವರು) ಲೆನಿನ್‌ರನ್ನು ಒಂದು ದಿನ ಬಂಧಿಸಿಟ್ಟು ಸರ್ಕಾರ ಬದಲಿಸೋಣವೇ ಎಂದು ಮಾತೆತ್ತಿದ್ದರು, ಅದನ್ನು ತಳ್ಳಿಹಾಕಲಾಗಿತ್ತು. ಗುಂಪು ಜಗಳ ಎಷ್ಟು ಅಪಾಯಕಾರಿ ಎಂದು ತೋರಿಸಲು ಬುಖಾರಿನ್ ತಾವೇ 1923ರಲ್ಲಿ ಇದನ್ನು ಬಹಿರಂಗವಾಗಿ ಹೇಳಿದ್ದರು. ಆಗ ಅವರ ಗುರಿ ಟ್ರಾಟ್‌ಸ್ಕಿ ಬೆಂಬಲಿಗರು. 1938ರಲ್ಲಿ ಅದೇ ಹೇಳಿಕೆಯನ್ನು ತಿರುಚಿ ಲೆನಿನ್ ಹತ್ಯೆಯ ಸಂಚು ಮಾಡಿದರು. 1918ರಲ್ಲಿ ಬುಖಾರಿನ್ ಜೊತೆಗಿದ್ದ ಹಳೆಯ ಎಡ ಕಮ್ಯುನಿಸ್ಟರಾದ ಯಾಕೊವ್ಲೆವಾ, ಒಸಿನ್‌ಸ್ಕಿ, ಮಂತ್ಸೆವ್ ಸಾಕ್ಷಿ ಹೇಳಲು ಬಂದರು. ಸೆರೆಯಿಂದ ಕರೆತಂದ ಎಡ ಸಮಾಜವಾದಿ ಕ್ರಾಂತಿಕಾರಿಗಳಾದ ಕಾಮ್ಕೊವ್, ಕರೇಲಿನ್ ಕೂಡ. ಬುಖಾರಿನ್ ಬಂಧನದ ಮಾತು ನಡೆದದ್ದನ್ನು ಒಪ್ಪಿ, ಕೊಲೆಯ ಮಾತನ್ನು ಕೊನೆಯವರೆಗೂ ನಿರಾಕರಿಸಿದರು.

ಅಷ್ಟಾದರೂ ಒಪ್ಪಿದ್ದೇಕೆ ಎಂದು ಕೇಳುಗರು ಕೇಳಿಯೇ ಕೇಳುತ್ತಾರೆ. 24 ವರ್ಷದ ಹೆಂಡತಿ ಆನಾ ಲಾರಿನಾ, ಹಾಲುಗಲ್ಲದ ಮಗ ಯೂರಿ. ಅವರ ಪ್ರಾಣದ ಭಯ ಒಂದು. ಪಕ್ಷದ ಹೊರಗೆ ತನಗೆ ಬದುಕಿಲ್ಲ ಎಂಬ ಜೀವಮಾನದ ನಂಬಿಕೆ ಇನ್ನೊಂದು. ಎರಡರಲ್ಲಿ ಒಂದನ್ನೇ ಆರಿಸಿ ಹೇಳಬೇಡಿ. ಮೊದಲ ದಿನ ಸಹ ಆರೋಪಿ ಕ್ರೆಸ್ತಿನ್‌ಸ್ಕಿ ಎಲ್ಲ ಆರೋಪ ನಿರಾಕರಿಸಿ, ಮರುದಿನ ಎಲ್ಲವನ್ನೂ ಒಪ್ಪಿದ್ದನ್ನು ಜೊತೆಗೆ ಹೇಳಿ. ನೇರವಾಗಿ ಇಲ್ಲ ಎಂದವರಿಗೆ ಏನಾಗುತ್ತಿತ್ತು ಎಂಬುದು ಅದರಿಂದ ತಿಳಿಯುತ್ತದೆ.

ಮಾರ್ಚ್ 15ರಂದು ಗುಂಡಿಕ್ಕಿದರು. ಬಂಧನಕ್ಕೆ ಮುಂಚೆ ಮುಂದಿನ ತಲೆಮಾರಿನ ಪಕ್ಷ ನಾಯಕರಿಗೆಂದು ಒಂದು ಪತ್ರ ಬರೆದು, ಹೆಂಡತಿಗೆ ಬಾಯಿಪಾಠ ಮಾಡಿಸಿದ್ದರು, ಕಾಗದ ಉಳಿಸುವಂತಿರಲಿಲ್ಲ. ಲಾರಿನಾ ಶಿಬಿರ, ಗಡೀಪಾರುಗಳಲ್ಲಿ ಸುಮಾರು ಇಪ್ಪತ್ತು ವರ್ಷ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡು ಕಾಪಾಡಿದರು. 1956ರಲ್ಲಿ ಮಗನನ್ನು ಮತ್ತೆ ಕಂಡರು, ಆಗ ಅವನಿಗೆ ಇಪ್ಪತ್ತು. 1988ರ ಫೆಬ್ರವರಿ 4ರಂದು ಸೋವಿಯತ್ ಸುಪ್ರೀಂ ಕೋರ್ಟ್ ತೀರ್ಪನ್ನು ರದ್ದು ಮಾಡಿತು, ಜೂನ್‌ನಲ್ಲಿ ಪಕ್ಷದ ಸದಸ್ಯತ್ವ ಮರಳಿ ಕೊಟ್ಟರು.

---

ಆನೆಗೊಂದಿ:

ಎಲ್ಲರಿಗೂ ತುಂಬಾ ಧನ್ಯವಾದ, ಬೇಕಾದದ್ದು ಪೂರ್ತಿ ಸಿಕ್ಕಿತು. ಚೀಲದ ಲೆಕ್ಕವನ್ನು ಹಾಗೇ ಬಳಸುತ್ತೇನೆ. ಕೊನೆಯದಾಗಿ ಒಂದು: ಬುಖಾರಿನ್ ದಾರಿ ನಿಜವಾಗಿ ನಡೆಯುವಂಥದ್ದೇ? ಕೈಗಾರಿಕೆ ಅಷ್ಟು ಬೇಗ ಬೆಳೆಯದಿದ್ದರೆ 1941ರಲ್ಲಿ ಜರ್ಮನಿಗೆ ಸೋಲುತ್ತಿದ್ದರು ಎಂದು ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ.

---

ಸಿಂಧನೂರು ಕಾಲುವೆ:

ಕೇಳೇ ಕೇಳ್ತಾರ್ರಿ, ತಯಾರಾಗೇ ಹೋಗ್ರಿ. ಮೊದಲು ಒಂದು ಮಾತು: ಬುಖಾರಿನ್ ಕೈಗಾರಿಕೆ ಬ್ಯಾಡ ಅಂದವರಲ್ಲ. ವೇಗದ ಬಗ್ಗೆ ತಕರಾರು. 1928–29ರಾಗ ಅವರ ಕಡೆಯವರು ಕೇಳಿದ್ದು ಇವು: ಧಾನ್ಯದ ದರ ಏರಿಸ್ರಿ, ಕೆಟ್ಟ ವರ್ಷ ಹೊರಗಿಂದ ಧಾನ್ಯ ತರಿಸ್ರಿ, ಹಳ್ಳಿಗೆ ಬೇಕಾದ ಸಾಮಾನಿನ ಕಾರ್ಖಾನೆಗೆ ರೊಕ್ಕ ಹಾಕ್ರಿ, ಕುಲಕರಿಗೆ ತೆರಿಗೆ ಹಾಕ್ರಿ ಆದ್ರ ಜಪ್ತಿ ಬ್ಯಾಡ.

ಅದರಾಗೂ ತೊಡಕಿತ್ತು, ಮುಚ್ಚಿಡಬ್ಯಾಡ್ರಿ. ದರ ಏರಿಸಿದ್ರ ರೈತನಿಗೆ ಕೊಡಲಿಕ್ಕೆ ಸಾಮಾನು ಬೇಕು. ಬಟ್ಟೆ ಗಿರಣಿಗೆ ಹತ್ತಿಯ ಒಂದು ಪಾಲು ಹೊರಗಿಂದನ ಬರಬೇಕಿತ್ತು. ಅದಕ್ಕ ವಿದೇಶಿ ಹಣ ಬೇಕು, ಆ ಹಣ ಬರೋದು ಧಾನ್ಯ ರಫ್ತಿನಿಂದ. ಯುದ್ಧಕ್ಕ ಮುಂಚೆ ರಷ್ಯಾ ವರ್ಷಕ್ಕ ಸುಮಾರು 1 ಕೋಟಿ ಟನ್ ಧಾನ್ಯ ರಫ್ತು ಮಾಡ್ತಿತ್ತು, 1928ರಾಗ ಅದು ಬಹುತೇಕ ನಿಂತೇ ಹೋತು. ಸುತ್ತಿಗೆ ಸುತ್ತು ಕಟ್ಟಿದ ಈ ಗಂಟು ಬಿಚ್ಚಲಿಕ್ಕೆ ನಾಕೈದು ವರ್ಷ ತಾಳ್ಮೆ ಬೇಕಿತ್ತು, ಉಕ್ಕಿನ ಕೆಲವು ಯೋಜನೆ ಮುಂದಕ್ಕ ಹಾಕಬೇಕಿತ್ತು.

ಇನ್ನ ಬಲವಂತದ ದಾರಿ ಕೊಟ್ಟದ್ದೇನು ಅಂತ ಬೋರ್ಡ್ ಮ್ಯಾಲೆ ಬರೀರಿ. ಸಾಮೂಹಿಕ ಕೃಷಿ ಶುರುವಾದ ಮ್ಯಾಲೆ ರಫ್ತು 1930ರಾಗ ಸುಮಾರು 48 ಲಕ್ಷ ಟನ್, 1931ರಾಗ ಸುಮಾರು 52 ಲಕ್ಷ. 1932–33ರಾಗ ಉಕ್ರೇನ್, ಕಝಾಕಸ್ತಾನ, ವೋಲ್ಗಾ ಕಡೆ ಹತ್ತಾರು ಲಕ್ಷ ಜನ ಹಸಿದು ಸತ್ತರು. 1929ರಾಗ 3.4 ಕೋಟಿ ಇದ್ದ ಕುದುರೆ 1933ಕ್ಕ 1.66 ಕೋಟಿಗೆ ಇಳಿದ್ವು, ದನಗಳೂ ಹತ್ತಿರ ಹತ್ತಿರ ಅರ್ಧಕ್ಕ ಬಂದ್ವು. ಇದು ಸ್ಟಾಲಿನ್ 1934ರಾಗ ಪಕ್ಷದ ಅಧಿವೇಶನಕ್ಕ ತಾವೇ ಕೊಟ್ಟ ಅಂಕಿ. ಅಲ್ಲಿ ನೇಗಿಲು ಎಳೀತಿದ್ದದ್ದು ಕುದುರೆ. ಹಂಗಾಗಿ ಹೊಸ ಕಾರ್ಖಾನೆಗಳಿಂದ ಬಂದ ಟ್ರ್ಯಾಕ್ಟರ್‌ಗಳ ದೊಡ್ಡ ಪಾಲು ಮೊದಲು ಹೋಗಿದ್ದು ಸತ್ತ ಕುದುರೆಗಳ ಜಾಗ ತುಂಬಲಿಕ್ಕೆ. 1941ರ ಪ್ರಶ್ನೆ ಯಾರಾದ್ರೂ ಎತ್ತಿದ್ರ ಈ ನಷ್ಟನೂ ಲೆಕ್ಕಕ್ಕ ಹಿಡೀರಿ ಅಂತ ಹೇಳ್ರಿ.